ಮೊಬೈಲ್‌ನಲ್ಲಿ ಮೂಡಿದ ಹಳೆಯ ಬೀದಿ

ಕಣ್ಣೆದುರಿನ ದೃಶ್ಯದ ಮೇಲೆ ಕಂಪ್ಯೂಟರ್ ಚಿತ್ರವನ್ನು ಜೋಡಿಸಿ ತೋರಿಸುವ ತಂತ್ರಕ್ಕೆ ‘ಆಗ್ಮೆಂಟೆಡ್ ರಿಯಾಲಿಟಿ’ ಎನ್ನುತ್ತಾರೆ. 1968ರಲ್ಲಿ ಅಮೆರಿಕದ ಐವಾನ್ ಸದರ್ಲೆಂಡ್ ಇದಕ್ಕಾಗಿ ತಲೆಗೆ ಧರಿಸುವ ಯಂತ್ರವನ್ನು ರೂಪಿಸಿದರು. ಸುಮಾರು ನಾಲ್ಕು ದಶಕಗಳಲ್ಲಿ ಅದು ಜೇಬಿನ ಮೊಬೈಲ್‌ಗೆ ಇಳಿಯಿತು.

2010ರಲ್ಲಿ ಲಂಡನ್ ನಗರದ ವಸ್ತುಸಂಗ್ರಹಾಲಯವು ‘ಸ್ಟ್ರೀಟ್‌ಮ್ಯೂಸಿಯಂ’ ಎಂಬ ಆ್ಯಪ್ ಹೊರತಂದಿತು. ಬೀದಿಯಲ್ಲಿ ನಿಂತು ಫೋನ್ ಎತ್ತಿ ಹಿಡಿದರೆ, ಅದೇ ಜಾಗದ ಹಳೆಯ ಛಾಯಾಚಿತ್ರ ಇಂದಿನ ದೃಶ್ಯದ ಮೇಲೆ ಮೂಡುತ್ತಿತ್ತು. ಹೀಗೆ ಇತಿಹಾಸವು ಗಾಜಿನ ಕಪಾಟಿನಿಂದ ಜನಸಾಮಾನ್ಯರ ಬೀದಿಗೆ ಬಂದಿತು.

ಆದರೆ ಇದು ಕೇವಲ ಯಂತ್ರದ ಸಾಧನೆಯಲ್ಲ. ಎರಡನೇ ಮಹಾಯುದ್ಧದಲ್ಲಿ ಬಾಂಬ್ ಬಿದ್ದ ಲಂಡನ್ ಬೀದಿಗಳನ್ನು ಆರ್ಥರ್ ಕ್ರಾಸ್ ಮತ್ತು ಫ್ರೆಡ್ ಟಿಬ್ಸ್ ಎಂಬ ಇಬ್ಬರು ಪೊಲೀಸರು ಚಿತ್ರೀಕರಿಸಿದ್ದರು. ಅಂಥ ಚಿತ್ರಗಳನ್ನು ಆ ಸಂಸ್ಥೆ ಜೋಪಾನವಾಗಿ ಕಾಪಾಡಿತ್ತು. ದಾಖಲೆಯೇ ಇಲ್ಲದ ಬೀದಿಯಲ್ಲಿ ಫೋನ್ ಎತ್ತಿದರೆ ಏನು ಕಂಡೀತು?

ವಿದ್ಯಾರ್ಥಿಗಳೇ, ಮನೆಯ ಪೆಟ್ಟಿಗೆಯಲ್ಲಿರುವ ಹಳೆಯ ಚಿತ್ರಗಳ ಹಿಂದೆ ಸ್ಥಳ, ಇಸವಿಗಳನ್ನು ಹಿರಿಯರಿಂದ ಕೇಳಿ ಇಂದೇ ಬರೆದಿಡಿರಿ.