ಮೈಸೂರು ಸಂಸ್ಥಾನದ ಬಾಹ್ಯ ಸಂಬಂಧ ಮತ್ತು ಒಕ್ಕೂಟದ ಪ್ರಶ್ನೆ

ವಿದೇಶಾಂಗ ನೀತಿಯ ನಿರ್ಧಾರ ಹಾಗೂ ಒಕ್ಕೂಟ ವ್ಯವಸ್ಥೆ ಇವೆರಡನ್ನು ರಾಜ್ಯಶಾಸ್ತ್ರಜ್ಞರು ಸಾಮಾನ್ಯವಾಗಿ ಪ್ರತ್ಯೇಕ ಅಧ್ಯಯನ ವಿಷಯಗಳೆಂದು ಪರಿಗಣಿಸುತ್ತಾರೆ. ಮೈಸೂರಿನ ಇತಿಹಾಸದಲ್ಲಾದರೋ ಇವು ಒಂದೇ ಪ್ರಶ್ನೆಯ ಎರಡು ಮುಖಗಳಾಗಿವೆ. ದೇವನಹಳ್ಳಿಯಿಂದಲೇ ಈ ಚರ್ಚೆಯನ್ನು ಆರಂಭಿಸಬಹುದು.

ದೇವನಹಳ್ಳಿಯಲ್ಲಿ ಜನಿಸಿದ ಟಿಪ್ಪು ಸುಲ್ತಾನನ ಆಳ್ವಿಕೆಯಲ್ಲಿ ಮೈಸೂರು ಸ್ವತಂತ್ರ ವಿದೇಶಾಂಗ ನೀತಿಯನ್ನು ಅನುಸರಿಸಿತು. 1784ರಲ್ಲಿ ಈಸ್ಟ್ ಇಂಡಿಯಾ ಕಂಪನಿಯೊಡನೆ ಮಂಗಳೂರು ಒಪ್ಪಂದವಾಯಿತು. 1786ರಲ್ಲಿ ಕಾನ್‌ಸ್ಟಾಂಟಿನೋಪಲ್‌ಗೆ, 1787ರಲ್ಲಿ ಫ್ರಾನ್ಸಿಗೆ ನಿಯೋಗಗಳು ಹೊರಟವು. 1788ರ ಆಗಸ್ಟ್‌ನಲ್ಲಿ ಹದಿನಾರನೆಯ ಲೂಯಿ ವರ್ಸೇಲ್ಸ್‌ನಲ್ಲಿ ನಿಯೋಗವನ್ನು ಗೌರವದಿಂದ ಬರಮಾಡಿಕೊಂಡನಾದರೂ ಸೈನಿಕ ಮೈತ್ರಿ ದೊರೆಯಲಿಲ್ಲ. 1791ರಲ್ಲಿ ದೇವನಹಳ್ಳಿ ಕೋಟೆ ಕಾರ್ನ್‌ವಾಲಿಸನ ವಶವಾದಾಗ ನೆರೆಯ ಮರಾಠರೂ ನಿಜಾಮನೂ ಕಂಪನಿಯ ಪಕ್ಷದಲ್ಲಿದ್ದರು. ದೂರದ ಆಸ್ಥಾನಗಳ ಸ್ನೇಹವು ನೆರೆಯವರ ವೈರವನ್ನು ಸರಿದೂಗಿಸಲಾರದಾಯಿತು.

1799ರ ಸಹಾಯಕ ಸೈನ್ಯ ಒಪ್ಪಂದವು ಈ ಅಧ್ಯಾಯಕ್ಕೆ ತೆರೆಯೆಳೆಯಿತು. ಅದರನ್ವಯ ಮೈಸೂರು ವಾರ್ಷಿಕ 7 ಲಕ್ಷ ಪಗೋಡಗಳನ್ನು ತೆರಬೇಕಾಯಿತು. ಕಂಪನಿಗೆ ತಿಳಿಸದೆ ಅನ್ಯ ರಾಜ್ಯಗಳೊಡನೆ ವ್ಯವಹರಿಸುವ ಅಧಿಕಾರ ಇಲ್ಲವಾಯಿತು. 1831ರಿಂದ 1881ರವರೆಗೆ ಆಂತರಿಕ ಆಡಳಿತವೂ ಬ್ರಿಟಿಷರ ಕೈಯಲ್ಲಿತ್ತು. 1881ರಲ್ಲಿ ರಾಜ್ಯ ಮರಳಿ ಒಡೆಯರಿಗೆ ದೊರೆತರೂ ಬಾಹ್ಯ ಸಂಬಂಧಗಳು ಮರಳಲಿಲ್ಲ.

1930ರ ದುಂಡುಮೇಜಿನ ಪರಿಷತ್ತಿನಲ್ಲಿ ದಿವಾನ್ ಮಿರ್ಜಾ ಇಸ್ಮಾಯಿಲ್ ಭಾಗವಹಿಸಿದರು. ಒಕ್ಕೂಟದ ಕುರಿತ ಮೈಸೂರಿನ ಚಿಂತನೆಯಲ್ಲಿ ಪೊಗದಿಯ ಹೊರೆಯೇ ಮುಖ್ಯ ಅಂಶವಾಗಿತ್ತು. 1935ರ ಶಾಸನದ ಒಕ್ಕೂಟಕ್ಕೆ ಅಗತ್ಯವಾದಷ್ಟು ಸಂಸ್ಥಾನಗಳು ಸೇರಲಿಲ್ಲ. 1939ರಲ್ಲಿ ಮಹಾಯುದ್ಧ ಆರಂಭವಾದೊಡನೆ ಆ ಯೋಜನೆ ಸ್ಥಗಿತಗೊಂಡಿತು.

1947ರ ಆಗಸ್ಟ್ 9ರಂದು ಜಯಚಾಮರಾಜ ಒಡೆಯರು ವಿಲೀನಪತ್ರಕ್ಕೆ ಸಹಿ ಹಾಕಿ ರಕ್ಷಣೆ, ವಿದೇಶಾಂಗ, ಸಂಪರ್ಕ ಎಂಬ ಮೂರು ವಿಷಯಗಳನ್ನು ಭಾರತಕ್ಕೆ ಒಪ್ಪಿಸಿದರು. ಇವುಗಳಲ್ಲಿ ವಿದೇಶಾಂಗ ಅಧಿಕಾರವು 148 ವರ್ಷಗಳ ಹಿಂದೆಯೇ ಮೈಸೂರಿನ ಕೈಬಿಟ್ಟಿತ್ತು. ಆದುದರಿಂದ ಸಹಿ ಮಾಡುವವರ ಮುಂದಿದ್ದ ನಿಜವಾದ ಪ್ರಶ್ನೆ ಆಂತರಿಕ ಅಧಿಕಾರ ಯಾರದೆಂಬುದು. ಅದಕ್ಕೆ ಉತ್ತರ ನೀಡಿದುದು ವಿಲೀನಪತ್ರವಲ್ಲ, ಸೆಪ್ಟೆಂಬರ್‌ನ 'ಮೈಸೂರು ಚಲೋ' ಚಳವಳಿ. ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿಯವರ ಜವಾಬ್ದಾರಿ ಸರ್ಕಾರ ರಚನೆಯಾಯಿತು.

1970ರ ದಶಕದಲ್ಲಿ ಜೇಮ್ಸ್ ಮ್ಯಾನರ್, ಬ್ಯೋರ್ನ್ ಹೆಟ್ನೆ ಮುಂತಾದ ವಿದ್ವಾಂಸರು ಮೈಸೂರಿನ ಆಂತರಿಕ ರಾಜಕಾರಣವನ್ನು ವಿಸ್ತಾರವಾಗಿ ಪರಿಶೀಲಿಸಿದರು. ಬಾಹ್ಯ ಸಂಬಂಧ ಹಾಗೂ ಒಕ್ಕೂಟದ ಪ್ರಶ್ನೆಗಳನ್ನು ಅದರೊಡನೆ ಕೂಡಿಸಿ ಓದಿದಾಗ ಮಾತ್ರ, ಸಂಸ್ಥಾನವು ಪ್ರತಿ ಹಂತದಲ್ಲಿ ಕಳೆದುಕೊಂಡುದೇನು, ಅದರ ಪ್ರಜೆಗಳು ಗಳಿಸಿದುದೇನು ಎಂಬುದು ಸ್ಪಷ್ಟವಾಗುತ್ತದೆ.