ಟ್ರಿಪ್ಟೊಫ್ಯಾನ್ ಹೈಡ್ರಾಕ್ಸಿಲೇಸ್ (ಪುನಸ್ಸಂಯೋಜಿತ ಮಾನವ ಕಿಣ್ವ)

ಆಹಾರದ ಪ್ರೋಟೀನಿನಿಂದ ದೊರೆಯುವ ಟ್ರಿಪ್ಟೊಫ್ಯಾನ್ ಎಂಬ ಅಮೈನೊ ಆಮ್ಲ ದೇಹದಲ್ಲಿ ಎರಡು ಹಂತಗಳಲ್ಲಿ ಸೆರೊಟೋನಿನ್ ಆಗುತ್ತದೆ. ಮೊದಲ ಹಂತವನ್ನು ನಡೆಸುವ ಕಿಣ್ವವೇ ಟ್ರಿಪ್ಟೊಫ್ಯಾನ್ ಹೈಡ್ರಾಕ್ಸಿಲೇಸ್, ಅಥವಾ ಟಿಪಿಎಚ್. ಇದು ಟ್ರಿಪ್ಟೊಫ್ಯಾನಿನ ಇಂಡೋಲ್ ಉಂಗುರದ ಐದನೆಯ ಸ್ಥಾನಕ್ಕೆ ಆಮ್ಲಜನಕವನ್ನು ಸೇರಿಸಿ 5-ಹೈಡ್ರಾಕ್ಸಿಟ್ರಿಪ್ಟೊಫ್ಯಾನನ್ನು ಉಂಟುಮಾಡುತ್ತದೆ. ಆಮೇಲೆ ಬಿ6 ಜೀವಸತ್ವವನ್ನು ಅವಲಂಬಿಸಿದ ಇನ್ನೊಂದು ಕಿಣ್ವ ಅದರಿಂದ ಇಂಗಾಲದ ಡೈಆಕ್ಸೈಡನ್ನು ಕಳಚಿದರೆ ಸೆರೊಟೋನಿನ್ ಸಿದ್ಧ. ಎರಡನೆಯ ಹಂತ ಚುರುಕಾದುದು. ಸೆರೊಟೋನಿನ್ ಎಷ್ಟು ತಯಾರಾಗಬೇಕೆಂಬುದನ್ನು ನಿರ್ಧರಿಸುವುದು ನಿಧಾನವಾದ ಮೊದಲ ಹಂತ. ಸಂಶೋಧಕರಿಗೆ ಈ ಕಿಣ್ವದ ಮೇಲೆ ಇಷ್ಟು ಆಸಕ್ತಿ ಇರುವುದು ಅದಕ್ಕಾಗಿಯೇ.

ಕಿಣ್ವದ ನಡುವೆ ಎರಡು ಹಿಸ್ಟಿಡಿನ್ ಮತ್ತು ಒಂದು ಗ್ಲುಟಮೇಟ್ ಹಿಡಿದುಕೊಂಡ ಒಂದು ಕಬ್ಬಿಣದ ಅಯಾನು ಇದೆ. ಕ್ರಿಯೆಗೆ ಆಮ್ಲಜನಕದ ಜೊತೆಗೆ ಟೆಟ್ರಾಹೈಡ್ರೊಬಯಾಪ್ಟೆರಿನ್ ಎಂಬ ಸಹಕಾರಕವೂ ಬೇಕು. ಫೆನೈಲ್‌ಅಲನಿನ್ ಮತ್ತು ಟೈರೊಸಿನ್ ಹೈಡ್ರಾಕ್ಸಿಲೇಸ್‌ಗಳು ಇದರ ಹತ್ತಿರದ ಬಂಧುಗಳು.

ಇಂಥ ಕಿಣ್ವ ಒಂದೇ ಎಂದು ಬಹುಕಾಲ ನಂಬಲಾಗಿತ್ತು. ಅದರ ಜೀನನ್ನು ತೆಗೆದುಹಾಕಿದ ಇಲಿಗಳ ಮಿದುಳಿನಲ್ಲಿ ಸೆರೊಟೋನಿನ್ ಹೆಚ್ಚುಕಡಿಮೆ ಹಾಗೆಯೇ ಉಳಿದುದನ್ನು ಕಂಡ ಬರ್ಲಿನ್ನಿನ ಸಂಶೋಧಕರು 2003ರಲ್ಲಿ ಎರಡನೆಯ ರೂಪವನ್ನು ಪ್ರಕಟಿಸಿದರು. ಟಿಪಿಎಚ್1 ಮುಖ್ಯವಾಗಿ ಕರುಳಿನ ಎಂಟೆರೊಕ್ರೊಮಾಫಿನ್ ಕೋಶಗಳಲ್ಲೂ ಪೀನಿಯಲ್ ಗ್ರಂಥಿಯಲ್ಲೂ ಇರುತ್ತದೆ. ಟಿಪಿಎಚ್2 ಮಿದುಳಿನ ನರಕೋಶಗಳದು. ಮನುಷ್ಯನಲ್ಲಿ ಮೊದಲನೆಯದರ ಜೀನ್ 11ನೆಯ ವರ್ಣತಂತುವಿನಲ್ಲಿದ್ದು, 444 ಅಮೈನೊ ಆಮ್ಲಗಳ ಸರಪಳಿಯನ್ನು ಕೊಡುತ್ತದೆ. ಎರಡನೆಯದು 12ರಲ್ಲಿದೆ, ಸರಪಳಿಯ ಉದ್ದ 490.

ಮಿದುಳಿನಿಂದ ಈ ಕಿಣ್ವವನ್ನು ಶುದ್ಧವಾಗಿ ತೆಗೆಯುವುದು ಕಷ್ಟ. ಅಲ್ಲಿರುವುದೇ ಅತ್ಯಲ್ಪ, ಹೊರಬಂದೊಡನೆ ಸತ್ವ ಕಳೆದುಕೊಳ್ಳುವ ಸ್ವಭಾವ ಬೇರೆ. ಆದ್ದರಿಂದ ಮಾನವ ಜೀನನ್ನು ಇ. ಕೋಲೈ ಬ್ಯಾಕ್ಟೀರಿಯಾಕ್ಕೆ ಸೇರಿಸಿ ಕಿಣ್ವವನ್ನು ಬೆಳೆಸಿಕೊಳ್ಳುತ್ತಾರೆ. ತುದಿಯಲ್ಲಿ ಹಿಸ್ಟಿಡಿನ್‌ಗಳ ಸಾಲೊಂದನ್ನು ಜೋಡಿಸಿದ್ದರೆ ನಿಕ್ಕಲ್ ಸ್ತಂಭದಲ್ಲಿ ಅದು ಅಂಟಿಕೊಂಡು ಉಳಿದ ಪ್ರೋಟೀನುಗಳಿಂದ ಬೇರ್ಪಡುತ್ತದೆ. ಅಷ್ಟಾದರೂ ಪೂರ್ಣ ಉದ್ದದ ಕಿಣ್ವ ಮುದ್ದೆಗಟ್ಟುವುದು ತಪ್ಪುವುದಿಲ್ಲ. ಹಾಗಾಗಿ ಆರಂಭದ ನಿಯಂತ್ರಕ ಭಾಗವನ್ನೂ, ನಾಲ್ಕು ಸರಪಳಿಗಳನ್ನು ಒಟ್ಟುಗೂಡಿಸುವ ಕೊನೆಯ ಭಾಗವನ್ನೂ ಕತ್ತರಿಸಿ, ಕ್ರಿಯೆ ನಡೆಸುವ ನಡುಭಾಗವನ್ನಷ್ಟೇ ತಯಾರಿಸುವುದುಂಟು. 2002ರಲ್ಲಿ ಸ್ಫಟಿಕ ರಚನೆ ದೊರೆತದ್ದು ಟಿಪಿಎಚ್1ರ ಇಂಥ ನಡುಭಾಗದಿಂದಲೇ. ಆದರೆ ಫಾಸ್ಫೇಟ್ ಸೇರ್ಪಡೆಯಿಂದ ಕಿಣ್ವದ ಚಟುವಟಿಕೆ ಹೇಗೆ ಏರಿಳಿಯುತ್ತದೆ ಎಂದು ತಿಳಿಯಬೇಕಾದವರಿಗೆ ಈ ಮೊಟಕು ರೂಪ ಸಾಲದು. ಕತ್ತರಿಸಿ ಬಿಟ್ಟ ಆರಂಭದ ತುದಿಯಲ್ಲೇ ಆ ವಿಷಯ ಅಡಗಿದೆ.

ಪ್ರಯೋಗದ ಕೊಳವೆಯಲ್ಲೂ ಎಚ್ಚರ ಬೇಕು. ಕಬ್ಬಿಣ ಫೆರಸ್ ಸ್ಥಿತಿಯಿಂದ ಫೆರಿಕ್‌ಗೆ ಜಾರಿದರೆ ಕಿಣ್ವ ಕೆಲಸ ಮಾಡದು. ಅದಕ್ಕಾಗಿ ಫೆರಸ್ ಲವಣ, ಡೈಥಯೊತ್ರೈಟಾಲ್‌ನಂಥ ಅಪಕರ್ಷಕ, ಹೈಡ್ರೊಜನ್ ಪೆರಾಕ್ಸೈಡನ್ನು ಒಡೆಯುವ ಕ್ಯಾಟಲೇಸ್ ಇವನ್ನು ಬೆರೆಸುತ್ತಾರೆ. ಹುಟ್ಟಿದ 5-ಹೈಡ್ರಾಕ್ಸಿಟ್ರಿಪ್ಟೊಫ್ಯಾನನ್ನು ಅದು ಸೂಸುವ ಪ್ರತಿದೀಪ್ತಿಯಿಂದ ಅಳೆಯಬಹುದು.

ಹೀಗೆ ತಯಾರಿಸಿದ ಕಿಣ್ವದ ದೊಡ್ಡ ಉಪಯೋಗ ಅದನ್ನು ತಡೆಯುವ ಪ್ರತಿಬಂಧಕಗಳ ಹುಡುಕಾಟದಲ್ಲಿ. 1966ರಲ್ಲೇ ಗುರುತಿಸಲಾದ ಪ್ಯಾರಾಕ್ಲೋರೊಫೆನೈಲ್‌ಅಲನಿನ್ ಮಿದುಳಿನ ಸೆರೊಟೋನಿನನ್ನೂ ಬರಿದು ಮಾಡುವಂಥದು. ಆದರೆ ದೇಹದ ಸೆರೊಟೋನಿನಿನ ಬಹುಪಾಲು ಇರುವುದು ಕರುಳಿನಲ್ಲಿ. ಕಾರ್ಸಿನಾಯ್ಡ್ ಗೆಡ್ಡೆಗಳು ಅದನ್ನು ಮಿತಿಮೀರಿ ಸುರಿಸಿದಾಗ ರೋಗಿಗೆ ಬಿಡದ ಭೇದಿ ಹತ್ತುತ್ತದೆ. ಅದಕ್ಕಾಗಿ 2017ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಟೆಲೊಟ್ರಿಸ್ಟಾಟ್ ಈಥೈಲ್ ಮಿದುಳನ್ನು ಮುಟ್ಟದೆ ಕರುಳಿನಲ್ಲಿ ಕೆಲಸ ಮಾಡುತ್ತದೆ. ಕುತೂಹಲದ ಸಂಗತಿಯೆಂದರೆ, ಕೊಳವೆಯಲ್ಲಿ ಈ ಔಷಧದ ಸಕ್ರಿಯ ರೂಪ ಟಿಪಿಎಚ್1, ಟಿಪಿಎಚ್2 ಎರಡನ್ನೂ ತಡೆಯುತ್ತದೆ. ಮಿದುಳನ್ನು ಕಾಯುವುದು ಕಿಣ್ವಗಳ ನಡುವಿನ ವ್ಯತ್ಯಾಸವಲ್ಲ, ರಕ್ತ ಮತ್ತು ಮಿದುಳಿನ ನಡುವಿನ ತಡೆಗೋಡೆ. ಶುದ್ಧ ಕಿಣ್ವದಿಂದ ತಿಳಿಯಲಾಗದ ಈ ವಿಷಯಕ್ಕೆ ಪ್ರಾಣಿಗಳ ಮಿದುಳಿನಲ್ಲೇ ಸೆರೊಟೋನಿನನ್ನು ಅಳೆಯಬೇಕಾಯಿತು.