ರಾಯಸದವರ ಊರಿನಲ್ಲಿ ಬೆರಳಚ್ಚು

ಹರಪನಹಳ್ಳಿಯಲ್ಲಿ 1913ರಲ್ಲಿ ಜನಿಸಿ, ಬೀಚಿ ಎಂಬ ಎರಡಕ್ಷರದ ಹೆಸರಿನಿಂದ ಕನ್ನಡ ನಾಡನ್ನೆಲ್ಲ ನಗಿಸಿದ ಭೀಮಸೇನರಾಯರ ಮನೆತನದ ಹೆಸರು ರಾಯಸಂ. ರಾಯಸವೆಂದರೆ ಪ್ರಭುಗಳ ಪರವಾಗಿ ಓಲೆ ಬರೆಯುವ ಉದ್ಯೋಗ. ಪಾಳೆಯಗಾರರು ಆಳಿದ ಆ ಊರಿನಲ್ಲಿ ಅಂಥ ಹೆಸರೊಂದು ಉಳಿದುಬಂದುದರಲ್ಲಿ ಆಶ್ಚರ್ಯವೇನೂ ಇಲ್ಲ. ಲೇಖನವೃತ್ತಿಯ ಹಳೆಯ ಉಪಕರಣಗಳಲ್ಲಿ ನನಗೆ ಅತ್ಯಂತ ಪ್ರಿಯವಾದುದು ಕಡತ. ಹುಣಿಸೆಬೀಜದ ಸರಿಗೆ ಇದ್ದಿಲ ಪುಡಿಯನ್ನು ಬೆರೆಸಿ, ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಆ ಕಪ್ಪು ಪುಸ್ತಕಕ್ಕೆ ಒಂದು ಮಹಾಗುಣವಿತ್ತು: ತಪ್ಪಿದಲ್ಲಿ ಒರೆಸಿ ಮತ್ತೆ ಬರೆಯಬಹುದಾಗಿತ್ತು. ಇಂದು ಕಚೇರಿಯ ಬೀರುವಿನಲ್ಲಿ ಕುಳಿತಿರುವ ಕಾಗದದ ಕಟ್ಟು ಕಡತವೆಂಬ ಹೆಸರನ್ನು ಉಳಿಸಿಕೊಂಡಿತಾದರೂ ಆ ಗುಣವನ್ನು ಕಳೆದುಕೊಂಡಿತು.

ಹೈದರಾಬಾದಿನ ನಿಜಾಮನು 1800ರಲ್ಲಿ ಬಳ್ಳಾರಿ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳ ಮೇಲಿನ ಅಧಿಕಾರವು ಮದರಾಸಿಗೆ ಸೇರಿತು, ಮೇಲಧಿಕಾರಿಗಳ ಭಾಷೆ ಇಂಗ್ಲಿಷಾಯಿತು. ಆ ಭಾಷೆಯ ಬರಹಕ್ಕೆ ಮುಂದೆ ಯಂತ್ರವೂ ಬಂದಿತು. ಅಮೆರಿಕದ ಶೋಲ್ಸ್ ಎಂಬಾತ 1868ರಲ್ಲಿ ಸನ್ನದು ಪಡೆದ ಬೆರಳಚ್ಚು ಯಂತ್ರವನ್ನು ಬಂದೂಕು ತಯಾರಿಸುತ್ತಿದ್ದ ರೆಮಿಂಗ್ಟನ್ ಕಂಪನಿ ಮಾರುಕಟ್ಟೆಗೆ ತಂದಾಗ, ಅದನ್ನು ನೋಡದೆ ಬಡಿಯಬಹುದೆಂದು ನಂಬಿದವರು ವಿರಳ. ಸಾಲ್ಟ್ ಲೇಕ್ ನಗರದ ನ್ಯಾಯಾಲಯದಲ್ಲಿ ಶೀಘ್ರಲಿಪಿಕಾರನಾಗಿದ್ದ ಮೆಕ್‌ಗರಿನ್ ಎಂಬಾತನು 1888ರ ಜುಲೈ 25ರಂದು ಸಿನ್ಸಿನಾಟಿಯ ಸ್ಪರ್ಧೆಯಲ್ಲಿ, ಕೀಲಿಗಳ ಸ್ಥಾನವನ್ನು ಕಂಠಪಾಠ ಮಾಡಿದ ಬೆರಳುಗಳಿಂದಲೇ ಗೆದ್ದು, ಕಣ್ಣು ಮೂಲಪ್ರತಿಯ ಮೇಲೆಯೂ ಬೆರಳು ಯಂತ್ರದ ಮೇಲೆಯೂ ಇರಬೇಕೆಂಬ ವಿಧಾನಕ್ಕೆ ಪ್ರತಿಷ್ಠೆ ತಂದನು.

ನಮ್ಮ ಪಟ್ಟಣಗಳ ಟೈಪಿಂಗ್ ಇನ್‌ಸ್ಟಿಟ್ಯೂಟುಗಳು ಕಲಿಸಿದ್ದೂ ಇದನ್ನೇ. ಎಡಗೈಯ ಕಿರುಬೆರಳು ಎ ಕೀಲಿಯ ಮೇಲೆ, ಉಂಗುರಬೆರಳು ಎಸ್ ಮೇಲೆ, ನಡುಬೆರಳು ಡಿ ಮೇಲೆ, ತೋರುಬೆರಳು ಎಫ್ ಮೇಲೆ. ಈ ನಾಲ್ಕನ್ನೇ ಪುಟವಿಡೀ ಹೊಡೆಯಬೇಕು. ಕಿರುಬೆರಳಿನ ಎ ಅಕ್ಷರ ಯಾವಾಗಲೂ ಮಸುಕು, ತೋರುಬೆರಳಿನದು ಯಾವಾಗಲೂ ದಟ್ಟ. ಹಾಳೆಯನ್ನು ಬೆಳಕಿಗೆ ಹಿಡಿದರೆ ಬಲಿಷ್ಠ ಬೆರಳು ಯಾವುದು, ದುರ್ಬಲ ಬೆರಳು ಯಾವುದು ಎಂಬುದು ತಾನಾಗಿ ತಿಳಿಯುತ್ತಿತ್ತು. ಮದರಾಸು ಸರ್ಕಾರದ ಪರೀಕ್ಷೆಗಳಿಗೆ ಲೋಯರ್, ಹೈಯರ್ ಎಂಬ ಹೆಸರಿದ್ದರೆ ಕರ್ನಾಟಕದಲ್ಲಿ ಜೂನಿಯರ್, ಸೀನಿಯರ್. ಕಾಲೇಜಿನ ವೆಚ್ಚವನ್ನು ಭರಿಸಲಾರದ ಮನೆಯ ಹುಡುಗನಿಗೂ ಹುಡುಗಿಗೂ ಗುಮಾಸ್ತಗಿರಿಯ ಬಾಗಿಲು ತೆರೆದ ವಿದ್ಯೆಯಿದು. ಇದನ್ನು ಯಾಂತ್ರಿಕವೆಂದು ಹಗುರವಾಗಿ ಕಂಡವರು ಆ ಮನೆಗಳನ್ನು ಕಾಣದವರು.

1963ರ ರಾಜಭಾಷಾ ಅಧಿನಿಯಮದ ತರುವಾಯ ಕಚೇರಿಗಳಿಗೆ ಕನ್ನಡ ಯಂತ್ರ ಅನಿವಾರ್ಯವಾಗುತ್ತ ಬಂದಿತು. ಕಾಗುಣಿತ, ಒತ್ತಕ್ಷರಗಳ ಅಪಾರ ಸಂಸಾರವನ್ನು ಇಂಗ್ಲಿಷಿಗೆಂದು ನಿರ್ಮಿತವಾದ ಯಂತ್ರದ ಕೆಲವೇ ಕೀಲಿಗಳಲ್ಲಿ ಅಡಗಿಸುವ ಕೀಲಿಮಣೆಯನ್ನು ಅನಂತ ಸುಬ್ಬರಾಯರು ರೂಪಿಸಿದ್ದರು. ಅದರಲ್ಲಿ ಅಕ್ಷರದ ಆಕಾರವನ್ನು ತುಂಡು ತುಂಡಾಗಿ ಜೋಡಿಸಬೇಕಿತ್ತಾದುದರಿಂದ, ಇಂಗ್ಲಿಷಿನಲ್ಲಿ ಪಳಗಿದ ಕೈಗಳು ಮತ್ತೆ ಮೊದಲನೆಯ ಪಾಠದಿಂದಲೇ ಆರಂಭಿಸಬೇಕಾಯಿತು.

ತಪ್ಪಿನ ವಿಷಯದಲ್ಲಿ ಮಾತ್ರ ಎರಡು ಯಂತ್ರಗಳೂ ಸಮಾನವಾಗಿ ನಿರ್ದಯ. ನಡುವೆ ಕಾರ್ಬನ್ ಇಟ್ಟು ನಾಲ್ಕು ಹಾಳೆ ಏರಿಸಿದವನು ಒಂದಕ್ಷರ ತಪ್ಪಿದರೆ ನಾಲ್ಕರಲ್ಲಿಯೂ ಉಜ್ಜಬೇಕು. ಜೋರಾಗಿ ಉಜ್ಜಿದರೆ ಕಾಗದ ತೂತು. ಇನ್ನು, ಮತ್ತೆ ಮತ್ತೆ ಬಡಿಯಬೇಕಾದ ಈ ಸೀಮೆಯ ವಿಳಾಸವಾದರೂ ನೆಟ್ಟಗೆ ನಿಂತಿತೇ? 1953ರ ಅಕ್ಟೋಬರ್ 1ರಂದು ಮದರಾಸು ಹೋಗಿ ಮೈಸೂರು ಬಂದಿತು, 1973ರಲ್ಲಿ ಮೈಸೂರು ಹೋಗಿ ಕರ್ನಾಟಕ ಬಂದಿತು. 1997ರಲ್ಲಿ ಹರಪನಹಳ್ಳಿ ದಾವಣಗೆರೆಗೆ ಸೇರಿ, ಎರಡು ದಶಕಗಳ ತರುವಾಯ ಪುನಃ ಬಳ್ಳಾರಿಗೆ ಮರಳಿತು. ಕೂಡ್ಲಿಗಿಯ ಅಂಗವಾಗಿದ್ದ ಕೊಟ್ಟೂರು ತಾನೇ ತಾಲ್ಲೂಕಾಯಿತು. 2021ರಲ್ಲಿ ಹಗರಿಬೊಮ್ಮನಹಳ್ಳಿಯನ್ನೂ ಒಳಗೊಂಡು ಇವೆಲ್ಲವೂ ವಿಜಯನಗರ ಜಿಲ್ಲೆಯವಾದವು. ಬೆರಳಚ್ಚುಗಾರನಿಗೆ ಇವೆಲ್ಲ ಇತಿಹಾಸವಲ್ಲ, ಅಭ್ಯಾಸವಾದ ಬೆರಳಿಗೆ ಬಿದ್ದ ಹೊಸ ಕೆಲಸ.

ಗಣಕವು ಬಂದಾಗ ಕಿನ್ನಿಕಂಬಳ ಪದ್ಮನಾಭರಾಯರು ಕನ್ನಡದ ಕೀಲಿಗಳನ್ನು ಆಕಾರದಿಂದ ಬಿಡಿಸಿ ಉಚ್ಚಾರಣೆಗೆ ಕಟ್ಟಿದರು. ಅವರ ವಿನ್ಯಾಸವೇ ಸರ್ಕಾರದ ಮಾನ್ಯತೆ ಪಡೆದು ನುಡಿ ತಂತ್ರಾಂಶದ ಮೂಲಕ ಕಚೇರಿಗಳನ್ನು ತಲುಪಿತು. ಕೊಟ್ಟೂರು ಎಂದು ಬರೆಯಲು ಕ, ಒ, ಟ, ಕೂಡಿಸುವ ಎಫ್ ಕೀಲಿ, ಮತ್ತೆ ಟ, ಊ, ರ, ಉ ಎಂದು ಎಂಟು ಬಾರಿ ಒತ್ತಿದರಾಯಿತು. ಶಾಲೆಯಲ್ಲಿ ಕಾಗುಣಿತ ಬಿಡಿಸಿ ಹೇಳಿದ ಕ್ರಮವೇ ಅದು. ಬೆರಳುಗಳಿಗೆ ಮೂರನೆಯ ಪಾಠವಾದರೂ ನಾಲಿಗೆಗೆ ಪರಿಚಿತವಾದುದೆಂಬ ಸಮಾಧಾನವಿತ್ತು.

ಒರೆಸಿ ಬರೆಯುವ ಸೌಭಾಗ್ಯವು ಮರಳಿ ಬಂದುದೂ ಆಗಲೇ. 1970ರ ದಶಕದಲ್ಲಿ ಜೆರಾಕ್ಸ್ ಕಂಪನಿಯ ಸಂಶೋಧನಾಲಯದಲ್ಲಿ ಲ್ಯಾರಿ ಟೆಸ್ಲರ್ ಮತ್ತು ಟಿಮ್ ಮಾಟ್ ಸಿದ್ಧಗೊಳಿಸಿದ ಕತ್ತರಿಸುವ, ಅಂಟಿಸುವ ಉಪಾಯವು 1983ರ ಆಪಲ್ ಲೀಸಾ ಗಣಕದಲ್ಲಿ ಜೆಡ್, ಎಕ್ಸ್, ಸಿ, ವಿ ಎಂಬ ನೆರೆಯ ಕೀಲಿಗಳಿಗೆ ಬಂದು ನೆಲೆಸಿತು. ಇಂದು ಕಂಟ್ರೋಲ್ ಹಿಡಿದು ಜೆಡ್ ಒತ್ತಿದರೆ ತಪ್ಪು ಅಳಿಯುತ್ತದೆ. ಎಚ್ ಒತ್ತಿದರೆ, ಹಳೆಯ ಮಾತನ್ನೂ ಹೊಸ ಮಾತನ್ನೂ ಕೇಳಿ, ಇಡೀ ಕಡತದಲ್ಲಿ ಬಳ್ಳಾರಿ ಇದ್ದಲ್ಲೆಲ್ಲ ವಿಜಯನಗರವನ್ನು ಕೂರಿಸುವ ಅನುಕೂಲ ಒದಗುತ್ತದೆ.

ಆದರೆ ಆ ಕೀಲಿಗೆ ಕಾಲಜ್ಞಾನವಿಲ್ಲ. 1950ರ ಕ್ರಯಪತ್ರದ ನಕಲಿನಲ್ಲಿಯೂ ಅದು ನಿಸ್ಸಂಕೋಚವಾಗಿ ವಿಜಯನಗರ ಜಿಲ್ಲೆಯೆಂದು ಬರೆದೀತು. ಆದುದರಿಂದ ಹಳೆಯ ದಸ್ತಾವೇಜುಗಳನ್ನು ನಕಲು ಮಾಡುವ ಮಿತ್ರರು, ಎಲ್ಲವನ್ನೂ ಬದಲಿಸು ಎಂಬ ಆಜ್ಞೆಯನ್ನು ಕೊಡುವ ಮುನ್ನ, ದಯವಿಟ್ಟು ಪತ್ರದ ತಾರೀಖನ್ನು ಒಮ್ಮೆ ನೋಡಿಕೊಳ್ಳಬೇಕು.